ಕೊಟ್ರಯ್ಯನವರ ಅವಧಿ ಮುಗಿದದ್ದು

ಹೊಸಪೇಟೆಯ ತಿಪ್ಪೇಶ್ ಯಾರ ಸಾವನ್ನೂ ಬಯಸಿದವನಲ್ಲ. ಇರುವೆ ಸಾಲು ಕಂಡರೆ ದಾಟಿ ಹೋಗುವ ಮನುಷ್ಯ. ಅಂಥವನು ಕಳೆದ ಶ್ರಾವಣದ ಒಂದು ಬುಧವಾರ ತನ್ನ ಮಾವನಿಗೆ, ಮನೆ ಮಾಲೀಕರಿಗೆ, ಮರಿಯಮ್ಮನಹಳ್ಳಿಯ ಒಬ್ಬ ನಿವೃತ್ತ ಕಂಡಕ್ಟರಿಗೆ ಮತ್ತು ತನ್ನ ಹಳೆಯ ಕಚೇರಿಯ ಅರ್ಧ ಸಿಬ್ಬಂದಿಗೆ ಅವರವರ ಕಾಲ ಮುಗಿಯಿತೆಂದು ಬೆರಳಿನ ಒಂದೇ ಒತ್ತಿನಲ್ಲಿ ತಿಳಿಸಿಬಿಟ್ಟ. ಹೇಗಾಯಿತೆಂಬುದನ್ನು ಮೊದಲಿನಿಂದಲೇ ಹೇಳಬೇಕು.

ತಿಪ್ಪೇಶ್ ಮೊದಲು ಸಂಡೂರಿನ ಒಂದು ಗಣಿಯಲ್ಲಿ ಅದಿರಿನ ಲಾರಿಗಳ ತೂಕ ಬರೆದುಕೊಳ್ಳುವ ಕೆಲಸದಲ್ಲಿದ್ದ. ಕೆಂಪು ಧೂಳು ಕುಡಿದು ಸಾಕಾಗಿ, ಮೊಬೈಲಿನಲ್ಲಿ ಯಾರದೋ ಯಶಸ್ಸಿನ ಭಾಷಣ ಕೇಳಿ, ಕೆಲಸ ಬಿಟ್ಟು ‘ಊರಬುತ್ತಿ’ ಎಂಬ ಆನ್‌ಲೈನ್ ವ್ಯಾಪಾರ ಶುರು ಮಾಡಿದ. ಜನ ತಿಂಗಳು ತಿಂಗಳು ಹಣ ಕಟ್ಟುವುದು. ತಿಂಗಳು ತಿಂಗಳು ಅವರ ಮನೆಗೆ ಒಂದು ಪೆಟ್ಟಿಗೆ ಹೋಗುವುದು. ಪೆಟ್ಟಿಗೆಯಲ್ಲಿ ಸಜ್ಜೆಯ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹೊಸಪೇಟೆಯ ಬಾಳೆಕಾಯಿ ಚಿಪ್ಸು, ಜೊತೆಗೆ ಸಂಡೂರು ಕಡೆಯ ಲಂಬಾಣಿ ಹೆಂಗಸರು ಹೊಲಿದ ಒಂದು ಪುಟ್ಟ ಕಸೂತಿ ಚೀಲ.

ರೊಟ್ಟಿ ಬಡಿಯುವುದು, ಪುಡಿ ಕುಟ್ಟುವುದು, ಕಟ್ಟುವುದು ಎಲ್ಲ ಅವನ ಹೆಂಡತಿ ಸುನಿತಾ ಮತ್ತು ಭೀಮವ್ವ ಎಂಬ ಹೆಂಗಸಿನ ಕೆಲಸ. ತಿಪ್ಪೇಶನದು ಕಂಪ್ಯೂಟರ್. ಯಾರ ಹಣ ಯಾವ ದಿನ ಕಟ್ ಆಗಬೇಕು, ಯಾರ ಪೆಟ್ಟಿಗೆ ಯಾವ ದಿನ ಹೊರಡಬೇಕು ಎಂಬ ಎರಡು ದಿನಾಂಕಗಳನ್ನು ಹೊಂದಿಸಿ ಇಡುವುದು. ನಿಜ ಹೇಳಬೇಕೆಂದರೆ ಆ ವ್ಯಾಪಾರದ ಪೂರ್ತಿ ವಿದ್ಯೆ ಇರುವುದೇ ಇಷ್ಟರಲ್ಲಿ. ಉಳಿದದ್ದು ರೊಟ್ಟಿ.

ಈ ವಿದ್ಯೆ ತಿಪ್ಪೇಶನಿಗೆ ಒಲಿಯಲಿಲ್ಲ. ತಿಂಗಳ ಕೊನೆಯಲ್ಲಿ ಸೇರಿದವರಿಗೆ ಸೇರಿದ ದಿನ ಒಮ್ಮೆ, ಒಂದನೇ ತಾರೀಕಿಗೆ ಇನ್ನೊಮ್ಮೆ ಹಣ ಕಟ್ ಆಗುತ್ತಿತ್ತು. ಹಣ ಕಟ್ಟಿದವರ ಪೆಟ್ಟಿಗೆ ನಿಲ್ಲುತ್ತಿತ್ತು, ಬಿಟ್ಟು ಹೋದವರಿಗೆ ತಪ್ಪದೆ ಹೋಗುತ್ತಿತ್ತು. ಮೈಸೂರಿನ ಒಬ್ಬ ಗಿರಾಕಿಗೆ ಒಂದೇ ದಿನ ಎರಡು ಪೆಟ್ಟಿಗೆ ಬಂದು ಆಮೇಲೆ ಬಹಳ ಕಾಲ ಏನೂ ಬರದೆ, ಅವರು ‘ನಿಮ್ಮದು ತಿಂಗಳ ಪೆಟ್ಟಿಗೆಯೋ ಗ್ರಹಣದ ಪೆಟ್ಟಿಗೆಯೋ’ ಎಂದು ಬರೆದು ಕೇಳಿದ್ದರು.

“ಎಲ್ಲಾರ ರೊಕ್ಕ ಒಂದನೇ ತಾರೀಕಿಗೆ, ಎಲ್ಲಾರ ಪೆಟ್ಟಿಗಿ ಐದನೇ ತಾರೀಕಿಗೆ. ಅಷ್ಟ ಮಾಡ್ರಿ” ಎಂದಳು ಸುನಿತಾ.

“ಹಂಗೆಲ್ಲಾ ಮಾಡಾಕ ಬರಂಗಿಲ್ಲ. ಅದರ ಹಿಂದ ಒಂದು ಸಿಸ್ಟಮ್ ಐತಿ.”

“ಏನೈತೋ ನನಗ ತಿಳಿಯಂಗಿಲ್ರಿ. ರೊಟ್ಟಿ ಮೆತ್ತಗಾಗ್ತಾವು.”

ಆ ಸಿಸ್ಟಮ್ಮಿನ ಹಿಂದೆ ಸುನಿತಾಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ಊರಬುತ್ತಿಯ ವೆಬ್‌ಸೈಟಿನಲ್ಲಿ ‘ನಮ್ಮ ಬುತ್ತಿಯ ಬಂಧುಗಳು’ ಎಂದು ಬರೆದು, ಅದರ ಮುಂದೆ ಗಿರಾಕಿಗಳ ಸಂಖ್ಯೆ ಕಾಣುತ್ತಿತ್ತು. ಶುರುವಿನಲ್ಲಿ ಆ ಸಂಖ್ಯೆ ಎಷ್ಟು ಬಡವಾಗಿತ್ತೆಂದರೆ ನೋಡಿದವರಿಗೆ ಕರುಣೆ ಬರಬೇಕು. ತಿಪ್ಪೇಶ್ ತನ್ನ ಫೋನಿನಲ್ಲಿದ್ದ ನೆಂಟರು, ಹಳೆಯ ಸಹೋದ್ಯೋಗಿಗಳು, ಪರಿಚಯದವರನ್ನೆಲ್ಲ ವಿಳಾಸ ಸಮೇತ ‘ಒಂದು ವರ್ಷ ಉಚಿತ’ ಎಂಬ ಖಾನೆಯಲ್ಲಿ ಸೇರಿಸಿದ. ಅವರಿಗೆ ಹಣವೂ ಕಟ್ ಆಗದು, ಪೆಟ್ಟಿಗೆಯೂ ಹೋಗದು, ವಿಷಯವೂ ತಿಳಿಯದು. ಹೇಗೂ ಮೇಲೆ ‘ಬಂಧುಗಳು’ ಎಂದೇ ಬರೆದಿರುವುದರಿಂದ ಇದನ್ನು ಸುಳ್ಳೆನ್ನಲು ಬರುವುದಿಲ್ಲ ಎಂದು ಅವನು ತನಗೆ ತಾನೇ ತೀರ್ಪು ಕೊಟ್ಟುಕೊಂಡ.

ಆ ಸಂಖ್ಯೆಯನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಅವನ ಮಾವ ಕೊಟ್ರಯ್ಯನವರು. ಗಿರಣಿಗೆ ಭತ್ತ ತಂದವರನ್ನೆಲ್ಲ ಕೂರಿಸಿಕೊಂಡು “ನಮ್ಮ ಅಳಿಯಂದ್ರ ಪೆಟ್ಟಿಗಿ ಬೊಂಬಾಯಿತನಕ ಹೋಗ್ತಾವು” ಎನ್ನುತ್ತಿದ್ದರು.

ಆ ಬುಧವಾರ ತಿಪ್ಪೇಶ್ ಹೆಂಡತಿಯ ಸಲಹೆಯನ್ನು ತನ್ನದೇ ಆಲೋಚನೆಯೆಂಬಂತೆ ಜಾರಿಗೆ ತಂದ. ಎಲ್ಲರ ಚಂದಾ ಅವಧಿಯನ್ನು ಒಮ್ಮೆಗೆ ಮುಗಿಸಿ, ಎಲ್ಲರದನ್ನೂ ಒಂದೇ ದಿನದಿಂದ ಹೊಸದಾಗಿ ಶುರು ಮಾಡುವುದು. ಅವಧಿ ಮುಗಿದಾಗ ಸಿಸ್ಟಮ್ ತಾನೇ ಕೊನೆಯ ಪೆಟ್ಟಿಗೆಗೆ ವಿಳಾಸದ ಚೀಟಿ ತೆಗೆದು, ಗಿರಾಕಿಗೆ ಒಂದು ಸಂದೇಶ ಕಳಿಸುತ್ತಿತ್ತು. ಆ ಸಂದೇಶದ ಇಂಗ್ಲಿಷ್ ಒಣಕಲಾಗಿದೆಯೆಂದು ತಿಪ್ಪೇಶ್ ಕನ್ನಡದಲ್ಲಿ ತಾನೇ ಬರೆದಿದ್ದ. ಹೈಸ್ಕೂಲಿನಲ್ಲಿ ಪ್ರಬಂಧಕ್ಕೆ ಎರಡನೇ ಬಹುಮಾನ ಪಡೆದ ಕೈ ಅದು.

‘ಮಾನ್ಯರೇ, ನಿಮ್ಮ ಅವಧಿ ಇಂದಿಗೆ ಮುಕ್ತಾಯಗೊಂಡಿದೆ. ಇಷ್ಟು ಕಾಲ ನಮ್ಮೊಡನೆ ಇದ್ದುದಕ್ಕೆ ಋಣಿಗಳು. ನಿಮ್ಮ ಲೆಕ್ಕದಲ್ಲಿ ಯಾವ ಬಾಕಿಯೂ ಉಳಿದಿಲ್ಲ. ನಿಮ್ಮ ಪೆಟ್ಟಿಗೆ ಹೊರಟಿದೆ. ಅದು ಬರುವ ಹೊತ್ತಿಗೆ ಮನೆಯಲ್ಲಿ ಹಿರಿಯರೊಬ್ಬರು ಇರಲಿ.’

ಕೆಳಗೆ ‘ಇಂತಿ, ಊರಬುತ್ತಿ’ ಎಂದು ಹೆಸರನ್ನೂ ಹಾಕಿದ್ದ. ಆದರೆ ಸಂದೇಶ ಉದ್ದವಾಯಿತೆಂದು ಸಿಸ್ಟಮ್ ಆ ಕೊನೆಯ ಸಾಲನ್ನು ಕತ್ತರಿಸಿ ಹಾಕಿತು.

‘ಎಲ್ಲರೂ’ ಎಂದು ಒತ್ತಿದಾಗ ಆ ಉಚಿತ ಖಾನೆಯವರೂ ಎಲ್ಲರೊಳಗೆ ಬರುತ್ತಾರೆಂಬುದು ತಿಪ್ಪೇಶನ ತಲೆಗೆ ಹೊಳೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಿಳಾಸದ ಚೀಟಿಗಳು ಪ್ರಿಂಟಾಗಿ ಹಿಂದಿನ ಕೋಣೆಗೆ ಹೋದವು. ಇಷ್ಟೊಂದು ಚೀಟಿ ಯಾವ ತಿಂಗಳೂ ಬಂದಿರಲಿಲ್ಲ. ಭೀಮವ್ವ, ಸುನಿತಾ ಡಬ್ಬಗಳಲ್ಲಿದ್ದ ರೊಟ್ಟಿಯನ್ನೆಲ್ಲ ತೆಗೆದು ಕಟ್ಟುತ್ತ ಕೂತರು. ನಡುವೆ ಒಂದು ಚೀಟಿಯಲ್ಲಿ ತನ್ನ ತಂದೆಯ ಹೆಸರು ಕಂಡು ಸುನಿತಾಳ ಕೈ ನಿಂತಿತು. ಅವಳು ಏನನ್ನೂ ಕೇಳಲಿಲ್ಲ. ಆ ಪೆಟ್ಟಿಗೆಗೆ ನಾಲ್ಕು ರೊಟ್ಟಿ ಹೆಚ್ಚಿಗೆ ಹಾಕಿದಳು. ರಾತ್ರಿ ಊಟಕ್ಕೆ ಗಂಡನಿಗೆ ಎಣ್ಣೆಗಾಯಿ ಮಾಡಿದಳು. ತಾನು ಸಿಸ್ಟಮ್ ಸರಿಪಡಿಸಿದ್ದಕ್ಕೆ ಈ ಗೌರವವೆಂದು ತಿಪ್ಪೇಶ್ ಎರಡು ಸಲ ಬಡಿಸಿಕೊಂಡ.

ಮರುದಿನ ಬೆಳಿಗ್ಗೆ ಮನೆ ಮಾಲೀಕ ವಿಜಯಕುಮಾರ್ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಮೊಬೈಲ್ ಹಿಡಿದಿದ್ದರು.

“ತಿಪ್ಪೇಶ್, ಈ ನಂಬರು ನಿನ್ನ ಕಂಪನೀದಲ್ಲೇನು? ಬಾಡಿಗಿಗೆ ಇರೋನು ನೀನು. ಅವಧಿ ಮುಗಿಯೋದು ನಂದಾ?”

ತಿಪ್ಪೇಶ್ ಓದಿದ. ತನ್ನದೇ ಕನ್ನಡ. “ಅದು ತಪ್ಪಿ ಬಂದೈತ್ರಿ, ಸರ್. ಸಿಸ್ಟಮ್” ಎಂದ.

“ಹಿರಿಯರೊಬ್ಬರು ಇರಲಿ ಅಂತ ಬ್ಯಾರೆ ಬರದೀಯಲ್ಲಪ. ಮನಿಯಾಗ ಇರೋ ಹಿರಿಯ ನಾನ.”

ಅವರನ್ನು ಸಮಾಧಾನ ಮಾಡಿ ಕಳಿಸಿ, ಇನ್ನು ಯಾರ‍್ಯಾರಿಗೆ ಹೋಗಿರಬಹುದೆಂದು ಯೋಚಿಸುವಷ್ಟರಲ್ಲಿ ಕಂಪ್ಲಿಯಿಂದ ಫೋನ್ ಬಂತು. ಮಾಡಿದವನು ಸುನಿತಾಳ ಚಿಕ್ಕಪ್ಪನ ಮಗ ಲಿಂಗರಾಜ್. ಅವನು ಫೋನಿನಲ್ಲಿ ಮಾತಾಡಿದರೆ ಫೋನ್ ಬೇಕಾಗಿರಲಿಲ್ಲ. ಕೋಣೆಯ ಆಚೆಗಿದ್ದ ಸುನಿತಾಳಿಗೂ ಎಲ್ಲ ಕೇಳಿಸಿತು.

“ಭಾವ, ಅಕ್ಕನ್ನ ಕರಕೊಂಡು ಜಲ್ದಿ ಬರ‍್ರಿ. ದೊಡ್ಡಪ್ಪಗ ಆಸ್ಪತ್ರಿಯಿಂದ ಮೆಸೇಜ್ ಬಂದೈತಿ. ಮುಗೀತಂತ.”

ಹಿಂದಿನ ವಾರ ಕೊಟ್ರಯ್ಯನವರು ಎದೆ ಉರಿಯೆಂದು ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದರು. ರಿಪೋರ್ಟು ಮೊಬೈಲಿಗೆ ಬರುತ್ತದೆಂದು ಅಲ್ಲಿ ಹೇಳಿದ್ದರಂತೆ. ಬಂದಿತ್ತು.

ತಿಪ್ಪೇಶ್ ಬಾಯಿ ತೆರೆಯುವಷ್ಟರಲ್ಲಿ ಲಿಂಗರಾಜ್ ಫೋನ್ ಇಟ್ಟಿದ್ದ. ಸುನಿತಾ ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಿಜ ಹೇಳಬೇಕೆಂದು ತಿಪ್ಪೇಶ್ ಗಂಟಲು ಸರಿಮಾಡಿಕೊಂಡ.

“ಸುನಿತಾ, ಆ ಮೆಸೇಜ್ ಐತಲ್ಲ...”

“ನಿನ್ನೆ ನೀವು ಅಪ್ಪಗ ಪೆಟ್ಟಿಗಿ ಕಳಿಸಿದ್ರಿ” ಎಂದಳು ಅವಳು. “ನಾ ಚೀಟಿ ನೋಡಿದೆ. ಬಾಯಿ ಬಿಟ್ಟು ಹೇಳಲಿಲ್ಲ ನೀವು. ನಿಮಗ ಮೊದಲ ಏನೋ ಅನಿಸಿತ್ತು, ಅದಕ್ಕ ಕಳಿಸೀರಿ. ನಮ್ಮಪ್ಪನ ಮ್ಯಾಲೆ ನಿಮಗ ಇಷ್ಟು ಜೀವ ಐತಿ ಅಂತ ನನಗ ಗೊತ್ತಿರಲಿಲ್ಲ.”

ಇಷ್ಟಾದ ಮೇಲೆ ಗಂಡಸಾದವನು ಏನು ಹೇಳಬೇಕು? ಬಸ್ಸಿನಲ್ಲಿ ಹೇಳಿದರೆ ಎಲ್ಲರೂ ಕೇಳುತ್ತಾರೆ, ಕಮಲಾಪುರದಲ್ಲಿ ಬಸ್ಸು ಖಾಲಿಯಾದಾಗ ಹೇಳೋಣವೆಂದುಕೊಂಡ. ಕಮಲಾಪುರದಲ್ಲಿ ಹಂಪಿಗೆ ಹೋಗುವವರು ಇಳಿದರು, ಅವರ ಎರಡರಷ್ಟು ಜನ ಹತ್ತಿದರು. ರಾಮಸಾಗರದಲ್ಲಿ ಹೇಳೋಣವೆಂದುಕೊಂಡ. ರಾಮಸಾಗರದ ಹೊತ್ತಿಗೆ ಅವಳು ಅವನ ಭುಜಕ್ಕೆ ತಲೆಯಿಟ್ಟಿದ್ದಳು. ಮದುವೆಯಾದಾಗಿನಿಂದ ಬಸ್ಸಿನಲ್ಲಿ ಅವಳು ಹಾಗೆ ಒರಗಿದ್ದು ಅದೇ ಮೊದಲು. ಕಂಪ್ಲಿಗೆ ಹೋದ ಕೂಡಲೆ ಮಾವನ ಫೋನ್ ಕೈಗೆ ತೆಗೆದುಕೊಂಡು ಸಂದೇಶವನ್ನು ಅಳಿಸಿ, ‘ಆಸ್ಪತ್ರೆಯವರದು ತಪ್ಪು’ ಎಂದುಬಿಟ್ಟರೆ ಆಯಿತು ಎಂಬ ತೀರ್ಮಾನಕ್ಕೆ ಅವನು ಬಂದ. ಹೇಡಿತನಕ್ಕೆ ಯಾವಾಗಲೂ ಉಪಾಯಗಳ ಕೊರತೆಯಿರುವುದಿಲ್ಲ.

ಕೊಟ್ರಯ್ಯನವರ ಮನೆಯ ಮುಂದೆ ಶಾಮಿಯಾನ ಒಂದು ಬಿಟ್ಟು ಎಲ್ಲ ಇತ್ತು. ದರೋಜಿಯಿಂದ ಅವರ ತಂಗಿಯ ಮನೆಯವರು ಬಂದಿದ್ದರು. ಗಿರಣಿ ನಿಲ್ಲಿಸಿ ಹಮಾಲರು ಬಂದು ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಪಡಸಾಲೆಯಲ್ಲಿ ಕೊಟ್ರಯ್ಯನವರು ಮೈತುಂಬ ವಿಭೂತಿ ಹಚ್ಚಿಕೊಂಡು, ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು, ನೆಟ್ಟಗೆ ಕೂತಿದ್ದರು. ನೋಡಲು ಅಲ್ಲಿದ್ದ ಎಲ್ಲರಿಗಿಂತ ಆರೋಗ್ಯವಾಗಿ ಕಾಣುತ್ತಿದ್ದರು. ಅತ್ತೆ ಮರುಳಸಿದ್ದಮ್ಮ ಮಾತ್ರ ಅಲ್ಲಿರಲಿಲ್ಲ. ಅಡುಗೆಮನೆಯಿಂದ ಒಗ್ಗರಣೆಯ ಸದ್ದು ಬರುತ್ತಿತ್ತು.

“ಬರ‍್ರಿ ಅಳಿಯಂದ್ರ, ಕುಂದ್ರಿ” ಎಂದರು ಕೊಟ್ರಯ್ಯನವರು. “ಬಂದದ್ದು ಚಲೋ ಆತು. ಸುನಿತಾ, ಅಳಬ್ಯಾಡವಾ. ಬಾಕಿ ಏನೂ ಇಲ್ಲ ಅಂತ ಸ್ಪಷ್ಟ ಬರದಾರ.”

“ಮಾವಾರ, ಆ ಫೋನು ಸ್ವಲ್ಪ ಕೊಡ್ರಿ, ನೋಡ್ತೀನಿ.”

ಫೋನು ಸಿಗಲಿಲ್ಲ. ಅದು ಪಕ್ಕದ ಮನೆಯ ನಿವೃತ್ತ ಕನ್ನಡ ಮೇಷ್ಟ್ರು ಹೊನ್ನೂರಪ್ಪನವರ ಕೈಯಲ್ಲಿತ್ತು. ಬಂದವರಿಗೆಲ್ಲ ಅವರೇ ಓದಿ ಅರ್ಥ ಹೇಳುತ್ತಿದ್ದರು. ಈಗ ಅಳಿಯನಿಗಾಗಿ ಇನ್ನೊಮ್ಮೆ ಓದಿದರು.

“‘ಋಣಿಗಳು’ ಅಂದಾರ ನೋಡ್ರಿ. ಎಂಥಾ ಮಾತು” ಎಂದರು ಮೇಷ್ಟ್ರು. “ಈಗಿನ ಆಸ್ಪತ್ರಿಯಾಗ ಇಂಥಾ ಕನ್ನಡ ಬರಿಯೋರು ಅದಾರ ಅಂದ್ರ ನಂಬಾಕ ಆಗಂಗಿಲ್ಲ. ಬರದಾಂವ ಓದಿಕೊಂಡ ಮನುಷ್ಯ.”

ತಿಪ್ಪೇಶನ ಎದೆ ಒಂದು ಕ್ಷಣ ಉಬ್ಬಿತೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಮರುಕ್ಷಣ ಅದು ಇಳಿಯಿತು.

“ಆದ್ರ ಪೆಟ್ಟಿಗಿ ಅಂತ ಯಾಕ ಐತಿ?” ಎಂದರು ದರೋಜಿಯ ನೆಂಟರು. “ನಮ್ಮೋರನ್ನ ಕುಂದ್ರಿಸಿ ಮಣ್ಣು ಮಾಡ್ತಾರ. ಪೆಟ್ಟಿಗ್ಯಾಗ ಮಲಗ್ಸೋ ಪದ್ಧತಿ ನಮ್ಮಾಗ ಇಲ್ಲ.”

“ಅದ ಹೇಳಿ ವಾಪಸ್ ಕಳಿಸೋಣು” ಎಂದ ಲಿಂಗರಾಜ್. “ಅವರೇನು ಎಲ್ಲಾರಿಗೂ ಕಳಸ್ತಾರೇನೋ.”

“ಮೊದಲು ಆಸ್ಪತ್ರಿಗೆ ಒಮ್ಮೆ ಕೇಳ್ರಿ” ಎಂದ ತಿಪ್ಪೇಶ್, ಬದುಕಿದೆನೆಂದು. ಆಸ್ಪತ್ರೆಯವರು ‘ನಾವು ಕಳಿಸಿಲ್ಲ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಲಿಂಗರಾಜ್ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟ. ಆ ಕಡೆ ಚೀಟಿ ಕೊಡುವ ಕೌಂಟರಿನ ಹೆಣ್ಣುಮಗಳು.

“ಕಂಪ್ಲಿ ಕೊಟ್ರಯ್ಯ ಅಂತ್ರಿ. ಅವರದು ಅವಧಿ ಮುಗಿದೈತಂತ, ಹೌದೇನ್ರಿ?”

ಕೀಲಿಮಣೆ ಕುಟ್ಟುವ ಸದ್ದು ಕೇಳಿಸಿತು. “ಹೌದ್ರಿ, ಮುಗಿದೈತಿ. ಅವರ ಕಾರ್ಡಿನ ಮ್ಯಾಲೆ ನಿನ್ನಿತನಕ ಅಷ್ಟ ಇತ್ತು.”

ಪಡಸಾಲೆಯಲ್ಲಿ ಯಾರೋ ಬಿಕ್ಕಿದರು. ಅವಳು ಹೇಳಿದ್ದು ಡಾಕ್ಟರನ್ನು ಕಾಣಲು ಕೊಟ್ಟ ಒಂದು ವಾರದ ಕಾರ್ಡಿನ ಅವಧಿ, ಆದರೆ ಕಾರ್ಡು ಎಂಬುದು ಅಲ್ಲಿ ಯಾರ ಕಿವಿಗೂ ಬೀಳಲಿಲ್ಲ.

“ಏನೂ ಮಾಡಾಕ ಬರಂಗಿಲ್ಲೇನ್ರಿ?”

“ನಮ್ಮ ಕೈಯಾಗ ಇಲ್ರಿ. ಮತ್ತ ಹೊಸದಾಗಿ ಬರಬೇಕು” ಎಂದು ಅವಳು ಫೋನ್ ಇಟ್ಟಳು.

“ಹೊಸದಾಗಿ ಬರಬೇಕು” ಎಂದು ಕೊಟ್ರಯ್ಯನವರು ನಿಧಾನವಾಗಿ ಹೇಳಿಕೊಂಡರು. “ಬರೋಣು. ಶಿವ ಕಳಿಸಿದ್ರ ಬರೋಣು.”

ತಿಪ್ಪೇಶ್ ಹಿತ್ತಲಿಗೆ ಹೋದ. ಬಚ್ಚಲ ಗೋಡೆಯ ಮರೆಯಲ್ಲಿ ನಿಂತು ಹೊಸಪೇಟೆಯ ಕೊರಿಯರ್ ಕಚೇರಿಯ ಮಾಲತೇಶನಿಗೆ ಫೋನ್ ಮಾಡಿ, ಕಂಪ್ಲಿಯ ಪೆಟ್ಟಿಗೆಯನ್ನು ತಡೆಯಲು ಬೇಡಿಕೊಂಡ.

“ಅಣ್ಣಾ, ಗಾಡಿ ಮುಂಜಾನೇನ ಹೊಂಟು ಹೋಗೈತಿ” ಎಂದ ಮಾಲತೇಶ್. “ನೀವು ನಿಮ್ಮ ಸಿಸ್ಟಮ್‌ನಾಗ ಕ್ಯಾನ್ಸಲ್ ಮಾಡ್ರಿ. ಹುಡುಗನ ಮೊಬೈಲಿಗೆ ತಾನ ಬರ‍್ತೈತಿ, ವಾಪಸ್ ತರ‍್ತಾನ.”

ತಿಪ್ಪೇಶ್ ಅಲ್ಲೇ ನಿಂತು ಮೊಬೈಲಿನಲ್ಲಿ ಸಿಸ್ಟಮ್ ತೆರೆದು ಮಾವನ ಹೆಸರು ಹುಡುಕಿ ರದ್ದು ಮಾಡಿದ. ಬೆವರು ಒರೆಸಿಕೊಂಡ. ರದ್ದಾದವರಿಗೂ ತಾನೇ ಬರೆದ ಇನ್ನೊಂದು ಸಂದೇಶವಿದೆಯೆಂಬುದು ಅವನಿಗೆ ನೆನಪಾದದ್ದು ಪಡಸಾಲೆಯಲ್ಲಿ ಫೋನು ಟಿಣ್ ಎಂದಾಗ.

ಅವನು ಓಡಿ ಬರುವಷ್ಟರಲ್ಲಿ ಮೇಷ್ಟ್ರು ಕನ್ನಡಕ ಏರಿಸಿ ಓದುತ್ತಿದ್ದರು. “‘ನಿಮ್ಮನ್ನು ಕಳೆದುಕೊಳ್ಳುತ್ತಿರುವುದು ನಮಗೆ ತೀವ್ರ ದುಃಖ ತಂದಿದೆ. ಮತ್ತೆ ಬರುವಿರೆಂದು ನಂಬಿದ್ದೇವೆ.’”

ಹೆಂಗಸರ ಕಡೆಯಿಂದ ಅಳು ಒಂದೇ ಸಲ ಎದ್ದಿತು. ಸುನಿತಾ ತಂದೆಯ ಕಾಲು ಹಿಡಿದಳು. ಇದುವರೆಗೆ ಗಟ್ಟಿಯಾಗಿದ್ದ ಕೊಟ್ರಯ್ಯನವರ ತುಟಿಯೂ ಅದುರಿತು.

“ಲಿಂಗರಾಜ, ಜಂಬಪ್ಪನ್ನ ಕರಕೊಂಡು ಬಾ” ಎಂದರು.

ಅಳು ನಿಂತಿತು. ಜಂಬಪ್ಪನವರದು ಅದೇ ಬೀದಿಯಲ್ಲಿ ಇನ್ನೊಂದು ಅಕ್ಕಿ ಗಿರಣಿ. ಅವರ ಮಗಳ ಮದುವೆಯ ಪಂಕ್ತಿಯಲ್ಲಿ ಕೊಟ್ರಯ್ಯನವರು ಎಲೆಯಿಂದ ಒಂದು ಅಗುಳು ಎತ್ತಿ ಹಿಡಿದು ‘ನುಚ್ಚು’ ಎಂದಿದ್ದರು. ಅಂದಿನಿಂದ ಇಬ್ಬರೂ ಎದುರಾದರೆ ಒಬ್ಬರು ಆಕಾಶ, ಒಬ್ಬರು ನೆಲ ನೋಡುತ್ತಿದ್ದರು.

ಜಂಬಪ್ಪ ಬಂದರು. ಹೆಗಲ ಮೇಲಿನ ಟವೆಲ್ಲನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತರು. ಕೊಟ್ರಯ್ಯನವರು ಎದ್ದು ಹೋಗಿ ಅವರ ಕೈ ಹಿಡಿದರು.

“ಜಂಬಪ್ಪ, ಎಲ್ಲಾರೂ ಕೇಳಲಿ. ನಿನ್ನ ಗಿರಣಿ ಅಕ್ಕಿ ನನ್ನ ಗಿರಣಿ ಅಕ್ಕಿಗಿಂತ ಚಲೋ. ಅವತ್ತೂ ಚಲೋ ಇತ್ತು. ನನಗ ತಡಕೊಳ್ಳಾಕ ಆಗಿರಲಿಲ್ಲ.”

ಜಂಬಪ್ಪನವರ ಕಣ್ಣಲ್ಲಿ ನೀರು ಬಂತು. ಅಂಗಳದಲ್ಲಿ ಕೊಟ್ರಯ್ಯನವರ ಗಿರಣಿಯಿಂದಲೇ ಅಕ್ಕಿ ಒಯ್ಯುವ ಅಂಗಡಿಯವರು ಮೂರ್ನಾಲ್ಕು ಜನರಿದ್ದರು. ಅವರು ಮುಖ ಮುಖ ನೋಡಿಕೊಂಡರು.

ಇದನ್ನು ನೋಡುತ್ತ ತಿಪ್ಪೇಶ್ ಕಂಬಕ್ಕೆ ಒರಗಿ ನಿಂತಿದ್ದ. ಈಗಲಾದರೂ ಹೇಳಬೇಕೆಂದು ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಹೊರಗೆ ಬೈಕ್ ನಿಂತ ಸದ್ದಾಯಿತು.

“ಕೊಟ್ರಯ್ಯ ಅನ್ನೋರು ಯಾರ‍್ರಿ?” ಎಂದು ಕೊರಿಯರಿನವನು ಬಾಗಿಲಲ್ಲಿ ಕೂಗಿದ. “ನಿಮ್ಮ ಪೆಟ್ಟಿಗಿ ಬಂದೈತಿ.”

ಮೊಬೈಲಿನಲ್ಲಿ ಬಂದ ರದ್ದತಿಯನ್ನು ಅವನು ನೋಡಿರಲಿಲ್ಲ. ಅವನ ಕೈಯಲ್ಲಿದ್ದುದು ಒಂದು ಜೊತೆ ಚಪ್ಪಲಿ ಹಿಡಿಸುವಷ್ಟು ದೊಡ್ಡ ರಟ್ಟಿನ ಪೆಟ್ಟಿಗೆ. ಇಡೀ ಅಂಗಳ ಅದನ್ನು ನೋಡಿತು.

“ಇಷ್ಟು ಸಣ್ಣದಾ?” ಎಂದರು ದರೋಜಿಯ ನೆಂಟರು.

ಕೊಟ್ರಯ್ಯನವರು ಮುಂದೆ ಬಂದರು. ಒಟಿಪಿ ಹೇಳಬೇಕೆಂದ ಕೊರಿಯರಿನವನ ಮಾತಿಗೆ ಮೇಷ್ಟ್ರ ಕೈಯಿಂದ ಫೋನ್ ತೆಗೆದುಕೊಂಡರು. ಅಂಕಿಗಳು ಕಣ್ಣಿಗೆ ಹತ್ತುತ್ತಿರಲಿಲ್ಲ. ಆ ಮನುಷ್ಯ ತನ್ನ ಸಾವಿಗೆ ತಾನೇ ಒಟಿಪಿ ಹುಡುಕುತ್ತ ನಿಂತದ್ದನ್ನು ಕಂಡಾಗ ತಿಪ್ಪೇಶನಿಗೆ ಇನ್ನು ತಡೆಯಲಾಗಲಿಲ್ಲ.

“ಮಾವಾರ, ಅದು ಆಸ್ಪತ್ರಿದಲ್ರಿ. ನಂದು.”

“ಏನು ನಿಮ್ಮದು?”

“ಪೆಟ್ಟಿಗಿ ನಂದು. ಮೆಸೇಜೂ ನಂದ. ಅದರಾಗ ರೊಟ್ಟಿ ಐತ್ರಿ.”

ಯಾರಿಗೂ ಅರ್ಥವಾಗಲಿಲ್ಲ. ಲಿಂಗರಾಜ್ ಪೆಟ್ಟಿಗೆಯನ್ನು ಇಸಿದುಕೊಂಡು ಚೀಟಿ ಓದಿದ. ಓದಿದರೆ ಬೀದಿಯ ಕೊನೆಗೂ ಕೇಳಬೇಕು, ಕೇಳಿತು. “ಕಳಿಸಿದವರು, ಊರಬುತ್ತಿ, ಹೊಸಪೇಟೆ.”

ತಿಪ್ಪೇಶ್ ಹೇಳಿದ. ಚಂದಾ, ಅವಧಿ, ತಾರೀಕು, ಸಿಸ್ಟಮ್ ಎಲ್ಲವನ್ನೂ ಹೇಳಿದ. ಹೇಳುತ್ತ ಹೋದಂತೆ ಅವನ ದನಿ ಸಣ್ಣದಾಗುತ್ತ ಹೋಯಿತು.

ಮೇಷ್ಟ್ರು ಪಾಠದ ಪ್ರಶ್ನೆ ಕೇಳುವವರಂತೆ ಕೇಳಿದರು. “ಅವಧಿ ಮುಗೀಬೇಕಾದ್ರ ಚಂದಾ ಇರಬೇಕಲ್ಲಪ. ಕೊಟ್ರಯ್ಯ ಯಾವಾಗ ಚಂದಾದಾರ ಆಗಿದ್ರು?”

ತಿಪ್ಪೇಶ್ ನೆಲ ನೋಡಿದ. “ಆಗಿರಲಿಲ್ರಿ. ಮಂದಿ ಜಾಸ್ತಿ ಕಾಣಲಿ ಅಂತ ನಾನ ಹೆಸರು ಹಾಕಿದ್ದೆ.”

“ಯಾರ‍್ಯಾರದು?”

“ಗೊತ್ತಿದ್ದೋರದೆಲ್ಲಾ.”

ಕೊಟ್ರಯ್ಯನವರು ಮೆಲ್ಲಗೆ ಕೇಳಿದರು. “ಬೊಂಬಾಯಿಯೋರು ಅದಾರಲ್ಲ?”

“ಒಬ್ರು ಅದಾರ‍್ರಿ.”

“ಯಾರು?”

“ನಿಮ್ಮ ಷಡ್ಡಕರ ಮಗಳು.”

ಕಟ್ಟೆಯ ಮೇಲಿದ್ದ ಹಮಾಲರಲ್ಲಿ ಒಬ್ಬ ಕೆಮ್ಮಿದ. ಕೆಮ್ಮಿನೊಳಗೆ ನಗು ಇತ್ತು. ಸುನಿತಾ ತಂದೆಯ ಕಾಲ ಬಳಿಯಿಂದ ಎದ್ದಳು. ಗಂಡನ ಮುಂದೆ ಬಂದು ನಿಂತಳು. ಬೈದಿದ್ದರೆ ಅವನಿಗೆ ಉಪಕಾರವಾಗುತ್ತಿತ್ತು.

“ಅಪ್ಪಗ ನೀವ ಕಳಿಸೀರಿ ಅಂತ ತಿಳಕೊಂಡಿದ್ದೆ” ಎಂದಳು ಅಷ್ಟೇ. ಸೆರಗು ಸರಿಮಾಡಿಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಳು.

ಆಗ ಜಂಬಪ್ಪನವರು ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. “ಕೊಟ್ರಯ್ಯ, ಈಗ ನೀ ಒಂದು ಮಾತು ಆಡಿದ್ಯಲ್ಲ. ಅದು ಸಾಯೋ ಮನುಷ್ಯನ ಮಾತೋ, ಇರೋ ಮನುಷ್ಯನ ಮಾತೋ?”

ಅಂಗಡಿಯವರೆಲ್ಲ ಕತ್ತು ಮುಂದೆ ಚಾಚಿದರು. ಇದ್ದುಬಿಡುವುದಕ್ಕಿಂತ ಹೋಗಿಬಿಡುವುದೇ ಸಲೀಸಾಗಿತ್ತೆಂದು ಕೊಟ್ರಯ್ಯನವರ ಮುಖ ಹೇಳುತ್ತಿತ್ತು.

“ಆಡಿದ್ದು ಆಡಿದ್ದ” ಎಂದರು ಕೊನೆಗೆ. ಆಮೇಲೆ ಅಳಿಯನ ಕಡೆ ತಿರುಗಿದರು. “ಅಳಿಯಂದ್ರ, ಸಾಯ್ತೀನಿ ಅಂದಾಗ ನನಗ ಅಂಜಿಕಿ ಆಗಿತ್ತು. ನಾಚಿಕಿ ಆಗಿರಲಿಲ್ಲ.”

ಅಷ್ಟು ಹೇಳಿ ಒಳಗೆ ಹೋಗಿ ಬಿಳಿ ಅಂಗಿ ಬಿಚ್ಚಿ, ಗಿರಣಿಯ ಅಂಗಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹಿತ್ತಲ ಬಾಗಿಲಿನಿಂದ ಗಿರಣಿಗೆ ಹೊರಟುಹೋದರು. ಸ್ವಲ್ಪ ಹೊತ್ತಿನಲ್ಲಿ ಗಿರಣಿಯ ಸದ್ದು ಶುರುವಾಯಿತು.

ಬಂದ ನೆಂಟರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅಳಲು ಬಂದವರು ನಗುವಂತಿಲ್ಲ, ನಕ್ಕರೆ ಮನೆಯವರಿಗೆ ಬೇಸರ. ಕೊನೆಗೆ ದರೋಜಿಯವರು “ಸತ್ತಿಲ್ಲ ಅಂದಮ್ಯಾಲೆ ಊಟ ಮಾಡಾಕ ಅಡ್ಡಿ ಇಲ್ಲಲ್ಲ” ಎಂದು ಕೈ ತೊಳೆದರು. ಸಾಲಾಗಿ ಎಲ್ಲರೂ ಕೂತರು. ಪೆಟ್ಟಿಗೆಯ ರೊಟ್ಟಿಯೂ ಆ ಪಂಕ್ತಿಯಲ್ಲೇ ಹೋಯಿತು. ಬಡಿಸಲು ನಿಂತ ತಿಪ್ಪೇಶನಿಗೆ ಪ್ರತಿ ಎಲೆಯ ಮುಂದೆ ಒಂದೊಂದು ಮಾತು ಸಿಕ್ಕಿತು. ಒಬ್ಬರು ಅವನ ಆರೋಗ್ಯ ವಿಚಾರಿಸಿದರು. ಇನ್ನೊಬ್ಬರು “ನನ್ನ ಹೆಸರು ಹಾಕೀರೇನು? ಇದ್ರ ಈಗ ಹೇಳ್ರಿ, ಹೊಲಕ್ಕ ಬೀಜ ತರೋದೈತಿ” ಎಂದರು. ಮೇಷ್ಟ್ರು ಮಾತ್ರ “ಭಾಷಿ ಚಲೋ ಐತಪ, ಜಾಗ ತಪ್ಪೈತಿ” ಎಂದರು.

ಎಲ್ಲರೂ ಹೋದ ಮೇಲೆ ತಿಪ್ಪೇಶ್ ಎಂಜಲು ಪಾತ್ರೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದ. ಮರುಳಸಿದ್ದಮ್ಮ ಒಲೆಯ ಮುಂದೆ ಕೂತು ಸೆಖೆಗೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಬೆಳಗಿನಿಂದ ಅವರನ್ನು ಯಾರೂ ಮಾತಾಡಿಸಿರಲಿಲ್ಲ. ಕೊಟ್ರಯ್ಯನವರು ಹೋಗುವೆನೆಂದು ಬೀದಿಗೆಲ್ಲ ಹೇಳಿದ್ದರು, ಜಂಬಪ್ಪನನ್ನು ಕರೆಸಿದ್ದರು. ಹೆಂಡತಿಯನ್ನು ಒಳಗಿನಿಂದ ಕರೆದಿರಲಿಲ್ಲ.

“ಅತ್ತಿ, ತಪ್ಪಾತ್ರಿ” ಎಂದ ತಿಪ್ಪೇಶ್.

“ಇರಲಿ ಬಿಡ್ರಿ” ಎಂದರು ಅವರು. ಆಮೇಲೆ ಸೊಂಟದಿಂದ ತಮ್ಮ ಹಳೆಯ ಮೊಬೈಲ್ ತೆಗೆದು ಅವನ ಕೈಗೆ ಕೊಟ್ಟರು. “ಇದರಾಗ ಬಂದದ್ದೂ ನಿಮ್ಮದ ಏನು, ನೋಡ್ರಿ.”

ತಿಪ್ಪೇಶ್ ನೋಡಿದ. ‘ಮಾನ್ಯರೇ, ನಿಮ್ಮ ಅವಧಿ ಇಂದಿಗೆ ಮುಕ್ತಾಯಗೊಂಡಿದೆ.’ ನಿನ್ನೆಯೇ ಬಂದಿತ್ತು.

ಪಾತ್ರೆಗಳನ್ನು ಇಟ್ಟು ಅಲ್ಲೇ ನೆಲದ ಮೇಲೆ ಕೂತ.

“ಅತ್ತಿ, ನೀವು ಇದನ್ನ ಓದಿದ್ರಾ?”

“ಓದಿದೆ. ನಿಧಾನಕ್ಕ ಓದ್ತೀನಿ, ಆದ್ರ ಓದ್ತೀನಿ. ಅವರದು ಬಂತು, ನಂದೂ ಬಂತು ಅಂತ ತಿಳಕೊಂಡೆ.”

“ಮತ್ತ ಯಾರಿಗೂ ಹೇಳಲಿಲ್ಲ ಯಾಕ್ರಿ?”

ಮರುಳಸಿದ್ದಮ್ಮ ಅವನನ್ನು ಇದೆಂಥ ಪ್ರಶ್ನೆ ಎಂಬಂತೆ ನೋಡಿದರು. “ಅಷ್ಟು ಮಂದಿ ಬಂದಿದ್ರು. ನಾನೂ ಹೊರಗ ಹೋಗಿ ಕುಂತ್ರ ಅಡಿಗಿ ಯಾರು ಮಾಡ್ತಿದ್ರು?”

ಪಡಸಾಲೆಯಲ್ಲಿ ಅಷ್ಟು ಜನರ ಮುಂದೆ ತಗ್ಗಿದ್ದ ತಿಪ್ಪೇಶನ ತಲೆ ಇಲ್ಲಿ ಒಬ್ಬ ಹೆಂಗಸಿನ ಮುಂದೆ ಇನ್ನಷ್ಟು ತಗ್ಗಿತು. ಅವರು ಬೂದಿ ಕೆದರುತ್ತ, ಸಂಕೋಚದಿಂದ ಕೇಳಿದರು.

“ಅವರ ಪೆಟ್ಟಿಗಿ ಬಂತು. ನಂದು ಯಾವಾಗ ಬರ‍್ತೈತಿ?”

ಅತ್ತೆಯದು ಬರುವಂತಿರಲಿಲ್ಲ. ಒಂದೇ ವಿಳಾಸದಲ್ಲಿ ಎರಡು ಹೆಸರು ಕಂಡರೆ ಸಿಸ್ಟಮ್ ಒಂದೇ ಚೀಟಿ ತೆಗೆಯುತ್ತಿತ್ತು, ಅದೂ ಗಂಡಸಿನ ಹೆಸರಿಗೆ. ಹಾಗೆ ಹೊಂದಿಸಿದ್ದವನೂ ಅವನೇ.

“ರೊಟ್ಟಿ ಎಲ್ಲಾ ಪಂಕ್ತಿಯಾಗ ಮುಗದು ಹೋದುವು” ಎಂದರು ಮರುಳಸಿದ್ದಮ್ಮ. “ಬ್ಯಾರೇರು ಬಡದ ರೊಟ್ಟಿ ತಿಂದು ಎಷ್ಟು ವರ್ಷ ಆತೋ. ಅದಕ್ಕ ಕೇಳಿದೆ.”

ತಿಪ್ಪೇಶ್ ಮೊಬೈಲ್ ತೆಗೆಯಲಿಲ್ಲ. ಕೊರಿಯರಿಗೆ ಹೇಳಲಿಲ್ಲ. ಎದ್ದು ಬಸ್ ನಿಲ್ದಾಣಕ್ಕೆ ನಡೆದ. ಕಟ್ಟೆಯ ಮೇಲಿದ್ದ ಸುನಿತಾ ಎಲ್ಲಿಗೆಂದು ಕೇಳಲಿಲ್ಲ, ಅವನಾಗಿ ಹೇಳುವ ಧೈರ್ಯವೂ ಅವನಿಗಿರಲಿಲ್ಲ. ಹೊಸಪೇಟೆಗೆ ಹೋದಾಗ ಡಬ್ಬಗಳು ಖಾಲಿಯಾಗಿದ್ದವು. ಭೀಮವ್ವನ ಮನೆಗೆ ಹೋಗಿ, ನಡೆದದ್ದನ್ನು ಅವಳಿಗೂ ಒಮ್ಮೆ ಪೂರ್ತಿಯಾಗಿ ಹೇಳಿ, ಅವಳ ಕೈಲಿ ಹೊಸ ರೊಟ್ಟಿ ಬಡಿಯಿಸಿದ. ಅವು ಒಣಗಿ ಕಡಕ್ ಆಗುವವರೆಗೆ ಕಾಯದೆ, ಚಟ್ನಿಪುಡಿ, ಕಸೂತಿ ಚೀಲದ ಜೊತೆ ಹೊಸ ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ, ತೊಡೆಯ ಮೇಲಿಟ್ಟುಕೊಂಡು ಸಂಜೆಯ ಬಸ್ಸಿಗೆ ಕಂಪ್ಲಿಗೆ ಬಂದ. ದಾರಿಯುದ್ದಕ್ಕೂ ಫೋನ್ ಬರುತ್ತಿತ್ತು. ಸಂಡೂರಿನಿಂದ, ಮರಿಯಮ್ಮನಹಳ್ಳಿಯಿಂದ, ಗೊತ್ತಿದ್ದವರೆಲ್ಲರಿಂದ. ಪ್ರತಿಯೊಬ್ಬರಿಗೂ “ನೀವು ಸಾಯಂಗಿಲ್ರಿ, ತಪ್ಪು ನಂದು” ಎಂದು ಹೇಳುತ್ತ ಬಂದ. ಪಕ್ಕದ ಪ್ರಯಾಣಿಕ ರಾಮಸಾಗರದಲ್ಲಿ ಎದ್ದು ಬೇರೆ ಸೀಟಿಗೆ ಹೋದ.

ಮರುಳಸಿದ್ದಮ್ಮ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಿಚ್ಚಿದರು. ಕಸೂತಿ ಚೀಲವನ್ನು ಎತ್ತಿ ನೋಡಿ ಪಕ್ಕಕ್ಕಿಟ್ಟರು. ಒಂದು ರೊಟ್ಟಿ ಮುರಿದು, ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ನಿಧಾನವಾಗಿ ಜಗಿದರು. ತಿಪ್ಪೇಶ್ ಎದುರಿಗೆ ಕೈಕಟ್ಟಿ ನಿಂತಿದ್ದ.

“ಉಪ್ಪು ಕಮ್ಮಿ ಆಗೈತಿ” ಎಂದರು.

“ಹೌದ್ರಿ.”

“ಮೆತ್ತಗೂ ಅದಾವು.”

“ಹೌದ್ರಿ, ಅತ್ತಿ.”

“ಆದ್ರ ನಾ ಬಡದದ್ದಲ್ಲ” ಎಂದು ಮರುಳಸಿದ್ದಮ್ಮ ಕಾಲು ಚಾಚಿ, ಗೋಡೆಗೆ ಒರಗಿ ಕೂತು, ಇನ್ನೊಂದು ರೊಟ್ಟಿ ಮುರಿದರು.